ಮೆಟ್ಟಿಲು ನೋಡಿ, ಆಮೇಲೆ ಲೈಟು ಹಾಕಿ: ಹಾಸನ ಜಿಲ್ಲೆಯಲ್ಲಿ ಪಂದ್ಯಾವಳಿ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಹಾಸನ ಜಿಲ್ಲೆಯ ಊರೂರಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ನಡೆಸುವ ಯುವಕ ಸಂಘದ ಗೆಳೆಯರಿಗೆ, ಶಾಲೆಯ ಮೈದಾನ ಬಿಟ್ಟುಕೊಡುವ ಹಿರಿಯರಿಗೆ, ಅನುಮತಿ ಪತ್ರಕ್ಕೆ ಸಹಿ ಹಾಕುವ ಅಧಿಕಾರಿಗಳಿಗೆ,

ನಮಸ್ಕಾರ.

ರಾಗಿ ಕಣ ಖಾಲಿಯಾಯಿತು, ಕಾಫಿ ಕೊಯ್ಲು ಮುಗಿಯುತ್ತಾ ಬಂತು ಅಂದರೆ ನಮ್ಮ ಕಡೆ ಪಂದ್ಯಾವಳಿಗಳ ಕಾಲ. ಕಬಡ್ಡಿ, ವಾಲಿಬಾಲ್, ಕ್ರಿಕೆಟ್, ಅಲ್ಲಲ್ಲಿ ಫುಟ್ಬಾಲ್. ಬಸ್ ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಏಳುತ್ತದೆ. ಮೊದಲ ಬಹುಮಾನ ಎಷ್ಟು, ಟ್ರೋಫಿ ಕೊಟ್ಟವರು ಯಾರು, ಉದ್ಘಾಟನೆ ಯಾರಿಂದ, ಎಲ್ಲ ಅದರಲ್ಲಿ ಇರುತ್ತದೆ. ಫೈನಲ್ ಮುಗಿದ ಮೇಲೆ ಅಷ್ಟೂ ಜನ ಯಾವ ದಾರಿಯಲ್ಲಿ ಹೊರಗೆ ಹೋಗಬೇಕು ಅನ್ನುವುದನ್ನು ಮಾತ್ರ ಯಾರೂ ಯೋಚಿಸಿರುವುದಿಲ್ಲ. ಈ ಪತ್ರ ಅದರ ಬಗ್ಗೆ.

ನಾನು ಸಿವಿಲ್ ಡಿಪ್ಲೊಮಾ ಮಾಡಿ, ಹಾಸನದ ಸುತ್ತಮುತ್ತ ಕಟ್ಟಡದ ಸೈಟುಗಳಲ್ಲಿ ಸೂಪರ್‌ವೈಸರ್ ಆಗಿರುವವನು. ಜೊತೆಗೆ ಫುಟ್ಬಾಲ್ ಹುಚ್ಚು. ಹಾಗಾಗಿ ಪಂದ್ಯ ನೋಡಲು ಹೋದರೂ ಮೊದಲು ಗ್ಯಾಲರಿಯ ಅಡಿಗೆ ಬಗ್ಗಿ ನೋಡುವ ಚಟ. ಕಳೆದ ಸೀಸನ್ನಿನಲ್ಲಿ ಒಂದು ಕಡೆ ಹಾಗೆ ಬಗ್ಗಿ ನೋಡಿದೆ. ಊರಿನ ಹೆಸರು ಬೇಡ, ಅವರೂ ನಮ್ಮವರೇ. ನೀಲಗಿರಿ ಗಳ ನೆಟ್ಟು, ಮೇಲೆ ಸಿಲ್ವರ್ ಮರದ ಹಲಗೆ ಹಾಕಿದ್ದರು. ಕೆಲವು ಕಡೆ ಕಟ್ಟುತಂತಿ, ಕೆಲವು ಕಡೆ ಪ್ಲಾಸ್ಟಿಕ್ ಹಗ್ಗ. ಓರೆಯಾಗಿ ಕಟ್ಟಬೇಕಾದ ಗಳ ಒಂದೂ ಇರಲಿಲ್ಲ. ಸಂಘದ ಹುಡುಗನೊಬ್ಬನನ್ನು ಕರೆದು ತೋರಿಸಿದೆ.

"ಏನಾಗಲ್ಲ ಬಿಡಿ ಸಾರ್. ವರ್ಷಾ ವರ್ಷಾ ಇದೇ ಹಾಕೋದು."

ನಿಜ, ಏನೂ ಆಗಲಿಲ್ಲ. ಫೈನಲ್ ಮುಗಿಯಿತು, ಪಟಾಕಿ ಹೊಡೆದರು, ಎಲ್ಲರೂ ಮನೆಗೆ ಹೋದೆವು. ಆದರೆ ಆ ಹುಡುಗ ಹೇಳಿದ ಮಾತಿನಲ್ಲಿ ಒಂದು ಅಪಾಯ ಇದೆ. ಹೋದ ವರ್ಷ ಏನೂ ಆಗಲಿಲ್ಲ ಅನ್ನುವುದೇ ಈ ವರ್ಷಕ್ಕೂ ಗ್ಯಾರಂಟಿ ಅಂದುಕೊಳ್ಳುವುದು. ಹೀಗೆ ಅಂದುಕೊಂಡೇ ಒಂದು ದೊಡ್ಡ ಸ್ಟೇಡಿಯಂ ಎರಡು ದೊಡ್ಡ ದುರಂತಗಳಲ್ಲಿ ಹೆಣ ಎಣಿಸಿತು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಐಬ್ರಾಕ್ಸ್ ಸ್ಟೇಡಿಯಂ. ರೇಂಜರ್ಸ್ ಫುಟ್ಬಾಲ್ ತಂಡದ ಮನೆ ಮೈದಾನ. ಅದರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ದೂರದ ಊರಿನದಾದರೂ ಅದರ ಸಮಸ್ಯೆಗಳೆಲ್ಲ ನಮ್ಮ ಶಾಲಾ ಮೈದಾನದ ಸಮಸ್ಯೆಗಳೇ.

ಐಬ್ರಾಕ್ಸ್ ಶುರುವಾಗಿದ್ದು 1899ರ ಡಿಸೆಂಬರ್ 30ರಂದು. ನಕ್ಷೆ ಹಾಕಿದವರು ಆರ್ಚಿಬಾಲ್ಡ್ ಲೀಚ್. ಗ್ಲಾಸ್ಗೋದವರೇ, ರೇಂಜರ್ಸ್ ಅಭಿಮಾನಿಯೇ. ಅವರ ಮೊದಲ ಕಸುಬು ಸ್ಟೇಡಿಯಂ ಕಟ್ಟುವುದಲ್ಲ, ಫ್ಯಾಕ್ಟರಿ ಕಟ್ಟುವುದು. ಸಿಲೋನಿನ ಟೀ ಫ್ಯಾಕ್ಟರಿಗಳಿಗೂ ಅವರು ಕೆಲಸ ಮಾಡಿದ್ದರು. ಸಕಲೇಶಪುರದ ಕಡೆ ಹಳೆಯ ಕಾಫಿ ಕ್ಯೂರಿಂಗ್ ಶೆಡ್ ನೋಡಿದವರಿಗೆ ಆ ಜಾತಿಯ ಕಟ್ಟಡ ಹೇಗಿರುತ್ತದೆ ಅಂತ ಗೊತ್ತು. ಕಬ್ಬಿಣದ ಕಂಬ, ತಗಡಿನ ಸೂರು, ಒಳಗೆ ವಿಶಾಲ ಜಾಗ, ಸುಮ್ನೆ ದುಂದು ಇಲ್ಲ. ಕಡಿಮೆ ಖರ್ಚಿನಲ್ಲಿ ಜಾಸ್ತಿ ಜಾಗ ಮಾಡಿಕೊಡುವುದು ಲೀಚ್ ಅವರಿಗೆ ಕರಗತವಾಗಿತ್ತು. ಫುಟ್ಬಾಲ್ ಕ್ಲಬ್ಬುಗಳಿಗೆ ಬೇಕಾಗಿದ್ದೂ ಅದೇ. ಆದರೆ ಗೋದಾಮಿನ ಮೂಟೆ ಇಟ್ಟ ಕಡೆ ಇರುತ್ತದೆ. ಗೋಲು ಬಿತ್ತು ಅಂತ ಕುಣಿಯುವುದಿಲ್ಲ.

1902ರ ಏಪ್ರಿಲ್ 5. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ನಡುವಿನ ಪಂದ್ಯ. ಆ ಕಾಲಕ್ಕೆ ಇದಕ್ಕಿಂತ ದೊಡ್ಡ ಪಂದ್ಯ ಇರಲಿಲ್ಲ. ಸುಮಾರು 68 ಸಾವಿರ ಜನ ಬಂದಿದ್ದರು. ಪಶ್ಚಿಮದ ಕಡೆ ಹೊಸದಾಗಿ ಒಂದು ಎತ್ತರದ ಟೆರೇಸ್ ಕಟ್ಟಿದ್ದರು. ಟೆರೇಸ್ ಅಂದರೆ ಕುರ್ಚಿ ಇಲ್ಲದ, ನಿಂತು ನೋಡುವ ಮೆಟ್ಟಿಲುಗಳ ಸಾಲು. ಕೆಳಗೆ ಕಬ್ಬಿಣದ ಕಂಬಗಳ ಚೌಕಟ್ಟು, ಮೇಲೆ ಮರದ ತೊಲೆ, ಅದರ ಮೇಲೆ ಹಲಗೆ. ಹಿಂದಿನ ರಾತ್ರಿ ಜೋರು ಮಳೆ ಬಂದಿತ್ತು. ಪಂದ್ಯ ಶುರುವಾದ ಸ್ವಲ್ಪ ಹೊತ್ತಿಗೆ ಮೇಲಿನ ಸಾಲುಗಳಲ್ಲಿ ಹಲಗೆ ಮುರಿದು ದೊಡ್ಡ ಕಂಡಿ ಬಿತ್ತು. ನಿಂತವರು ನಿಂತ ಹಾಗೆಯೇ ಸುಮಾರು 40 ಅಡಿ ಕೆಳಗೆ ಬಿದ್ದರು. 25 ಜನ ಸತ್ತರು. ಗಾಯಗೊಂಡವರು 500ಕ್ಕೂ ಹೆಚ್ಚು.

ಆಮೇಲೆ ಏನಾಯಿತು ಅನ್ನುವುದನ್ನು ಇವತ್ತು ನಂಬುವುದು ಕಷ್ಟ. ಪಂದ್ಯ ನಿಲ್ಲಿಸಿದರು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಆಡಿಸಿದರು. ನಿಲ್ಲಿಸಿಬಿಟ್ಟರೆ ಜನ ಗಾಬರಿಯಾಗಿ ಇನ್ನಷ್ಟು ಅನಾಹುತ ಆಗಬಹುದು ಅನ್ನುವ ಭಯ. 1-1ರಲ್ಲಿ ಮುಗಿದ ಆ ಪಂದ್ಯವನ್ನು ಆಮೇಲೆ ಲೆಕ್ಕದಿಂದ ತೆಗೆದರು. ಮುಂದಿನ ತಿಂಗಳು ಬರ್ಮಿಂಗ್‌ಹ್ಯಾಮಿನಲ್ಲಿ ಮತ್ತೆ ಪಂದ್ಯ ಆಡಿಸಿ, ಬಂದ ಹಣವನ್ನು ಸತ್ತವರ ಮನೆಯವರ ನಿಧಿಗೆ ಕೊಟ್ಟರು.

ಕೇಸು ನಡೆಯಿತು. ಮರದ ಕೆಲಸ ಮಾಡಿದ ಕಂಟ್ರಾಕ್ಟರ್ ಮೇಲೆ ಇದ್ದ ಆರೋಪ ಇದು: ಒಪ್ಪಂದದಲ್ಲಿ ಇದ್ದದ್ದು ಗಟ್ಟಿಯಾದ ಕೆಂಪು ಪೈನ್, ಹಾಕಿದ್ದು ಅದಕ್ಕಿಂತ ಅಗ್ಗದ ಹಳದಿ ಪೈನ್. ಕೊನೆಗೆ ಕೋರ್ಟು ಆತನನ್ನು ಬಿಟ್ಟುಬಿಟ್ಟಿತು. ತಪ್ಪು ಮರದ್ದೋ, ನಕ್ಷೆಯದ್ದೋ ಅನ್ನುವ ವಾದ ಇವತ್ತಿಗೂ ಮುಗಿದಿಲ್ಲ. ಸೈಟಿನಲ್ಲಿ ಕೆಲಸ ಮಾಡುವ ನನಗೆ ಈ ಜಗಳ ಚೆನ್ನಾಗಿ ಗೊತ್ತು. ನಕ್ಷೆಯಲ್ಲಿ ಒಂದು ಮರ, ಲಾರಿಯಲ್ಲಿ ಬರುವುದು ಇನ್ನೊಂದು. ಸೆಂಟ್ರಿಂಗ್ ಬಿಚ್ಚಿದ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಲೀಚ್ ಮಾತ್ರ ಪಾಠ ಕಲಿತರು. ಜನ ನಿಲ್ಲುವ ಟೆರೇಸನ್ನು ಮರದ ಅಟ್ಟದ ಮೇಲೆ ಕಟ್ಟುವುದು ಅಲ್ಲಿಗೆ ಬಿಟ್ಟುಹೋಯಿತು. ಮಣ್ಣು ಏರಿ ಹಾಕಿ, ಆ ಏರಿಯ ಇಳಿಜಾರಿನ ಮೇಲೆ ಮೆಟ್ಟಿಲು ಮಾಡುವ ಪದ್ಧತಿ ಬಂತು. ಕೆಳಗೆ ಟೊಳ್ಳೇ ಇಲ್ಲ ಅಂದರೆ ಬೀಳುವುದೆಲ್ಲಿಗೆ? ಜೊತೆಗೆ ಟೆರೇಸಿನ ಮಧ್ಯೆ ಅಲ್ಲಲ್ಲಿ ಕಬ್ಬಿಣದ ಅಡ್ಡಕಂಬಿ ನಿಲ್ಲಿಸಿದರು. ಹಿಂದಿನವರು ಮುಂದಕ್ಕೆ ವಾಲಿದಾಗ ಆ ಭಾರ ಪೂರ್ತಿ ಕೆಳಗಿನವರ ಬೆನ್ನಿಗೆ ಬೀಳದ ಹಾಗೆ, ನಡುವೆಯೇ ಕಂಬಿ ಅದನ್ನು ಹಿಡಿಯುತ್ತದೆ. ಇಂಥ ಅಡ್ಡಕಂಬಿಗೆ ಲೀಚ್ ಪೇಟೆಂಟನ್ನೂ ಪಡೆದರು. ಆಮೇಲೆ ಅವರು ಕೈ ಹಾಕದ ಮೈದಾನ ಬ್ರಿಟನ್ನಿನಲ್ಲಿ ಕಡಿಮೆ. ಓಲ್ಡ್ ಟ್ರಾಫರ್ಡ್, ಆನ್‌ಫೀಲ್ಡ್, ವಿಲ್ಲಾ ಪಾರ್ಕ್, ಸ್ಟ್ಯಾಮ್‌ಫರ್ಡ್ ಬ್ರಿಡ್ಜ್. ಇಂಗ್ಲಿಷ್ ಲೀಗ್ ನೋಡಲು ಟಿವಿ ಮುಂದೆ ರಾತ್ರಿ ಜಾಗರಣೆ ಮಾಡುವ ನಮ್ಮ ಹುಡುಗರಿಗೆ ಈ ಹೆಸರುಗಳೆಲ್ಲ ಬಾಯಿಪಾಠ. ಲೀಚ್ ಹೆಸರು ಮಾತ್ರ ಅಷ್ಟಾಗಿ ಯಾರಿಗೂ ಗೊತ್ತಿಲ್ಲ.

ಮಣ್ಣಿನ ಏರಿ ಅಂದೆನಲ್ಲ, ಅಲ್ಲೊಂದು ಸ್ವಲ್ಪ ನಿಲ್ಲುತ್ತೇನೆ. ಮಲೆನಾಡಿನ ಕಡೆ ನಮ್ಮ ಮೈದಾನಗಳು ಹೇಗಿವೆ ನೋಡಿ. ಗುಡ್ಡದ ಒಂದು ಬದಿ ಜೆಸಿಬಿಯಿಂದ ಕಡಿದು ಮಟ್ಟ ಮಾಡಿರುತ್ತಾರೆ. ಮೂರು ಕಡೆ ಬಯಲು, ಒಂದು ಕಡೆ ದಿಬ್ಬ. ಆ ದಿಬ್ಬಕ್ಕೆ ಬೆನ್ನು ಮಾಡಿ ವೇದಿಕೆ ಹಾಕುತ್ತೇವೆ, ಎದುರಿನ ಬಯಲಿನಲ್ಲಿ ಗಳ ನೆಟ್ಟು ಗ್ಯಾಲರಿ ಕಟ್ಟುತ್ತೇವೆ! ತಿರುಗಿಸಿ ಹಾಕಿ. ವೇದಿಕೆ ಬಯಲಿಗೆ ಬರಲಿ. ದಿಬ್ಬವನ್ನು ಹದವಾದ ಇಳಿಜಾರಿಗೆ ತಂದು ಮೆಟ್ಟಿಲಾಗಿ ಕಡಿದು, ಅಂಚಿಗೆ ಸೈಜುಗಲ್ಲು ಕೂರಿಸಿ, ನೀರು ಹೋಗಲು ಮೇಲುಗಡೆ ಒಂದು ಚರಂಡಿ ಮಾಡಿದರೆ ಅದೇ ಗ್ಯಾಲರಿ. ಒಂದು ಸಲ ಮಾಡಿದರೆ ವರ್ಷಾ ವರ್ಷಾ ಬಾಡಿಗೆ ಕೊಡುವುದು ತಪ್ಪುತ್ತದೆ. ಚರಂಡಿ ಮಾತ್ರ ಮರೆಯಬೇಡಿ. ಮಲೆನಾಡಿನ ಮಳೆಗೆ ಕಡಿದ ದಿಬ್ಬ ಜಾರುವುದನ್ನು ಹೇಳಿಕೊಡಬೇಕಾಗಿಲ್ಲ.

ಮತ್ತೆ ಐಬ್ರಾಕ್ಸಿಗೆ. ಮಣ್ಣಿನ ಏರಿ ಬಂದ ಮೇಲೆ ಅದು ಬೆಳೆಯುತ್ತಲೇ ಹೋಯಿತು. 1929ರ ಜನವರಿ 1ರಂದು ಲೀಚ್ ವಿನ್ಯಾಸದ ಹೊಸ ಮುಖ್ಯ ಸ್ಟ್ಯಾಂಡ್ ತೆರೆಯಿತು. ಕೆಂಪು ಇಟ್ಟಿಗೆಯ ಉದ್ದನೆಯ ಮುಖ, ಒಳಗೆ ಅಮೃತಶಿಲೆಯ ಮೆಟ್ಟಿಲು. ಮೇಲಂತಸ್ತಿನ ಮುಂಭಾಗಕ್ಕೆ ಅಡ್ಡಡ್ಡ ಹೆಣೆದ ಕಬ್ಬಿಣದ ಪಟ್ಟಿ, ಲೀಚ್ ಅವರ ಸಹಿ ಇದ್ದ ಹಾಗೆ. ಆ ಇಟ್ಟಿಗೆ ಮುಖ ಇವತ್ತಿಗೂ ಇದೆ, ಸರ್ಕಾರದ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲೂ ಇದೆ. 1939ರ ಜನವರಿ 2ರಂದು ಅದೇ ನಗರದ ಎದುರಾಳಿ ತಂಡ ಸೆಲ್ಟಿಕ್ ವಿರುದ್ಧದ ಪಂದ್ಯಕ್ಕೆ ಬಂದವರು 1,18,567 ಜನ. ಬ್ರಿಟನ್ನಿನಲ್ಲಿ ಬೇರೆ ಯಾವ ಲೀಗ್ ಪಂದ್ಯಕ್ಕೂ ಅಷ್ಟು ಜನ ಸೇರಿಲ್ಲ.

ಒಳಗೆ ಬರುವಾಗ ಆ ಲಕ್ಷ ಜನ ಮಧ್ಯಾಹ್ನದಿಂದ ಒಬ್ಬೊಬ್ಬರಾಗಿ ಬರುತ್ತಾರೆ. ಹೊರಗೆ ಹೋಗುವಾಗ ಒಟ್ಟಿಗೇ ಹೋಗುತ್ತಾರೆ. ಇದು ಎಲ್ಲ ಮೈದಾನದ ಸತ್ಯ. ಐಬ್ರಾಕ್ಸಿನ ಎರಡನೆಯ ದುರಂತ ಇರುವುದು ಇಲ್ಲೇ.

ಏರಿಯ ಹಿಂಬದಿಯಿಂದ ರಸ್ತೆಗೆ ಇಳಿಯಲು ಹಲವು ಮೆಟ್ಟಿಲು ದಾರಿಗಳಿದ್ದವು. ಅವುಗಳಲ್ಲಿ 13ನೆಯದು ಹತ್ತಿರದ ಭೂಗತ ರೈಲಿನ ನಿಲ್ದಾಣಕ್ಕೆ ನೇರ ದಾರಿ. ಹಾಗಾಗಿ ಎಲ್ಲರಿಗೂ ಅದೇ ಬೇಕು. ಕಡಿದಾದ ಇಳಿಜಾರು. ಎರಡೂ ಬದಿಗೆ ಎತ್ತರದ ಮರದ ಬೇಲಿ. ಮಧ್ಯದಲ್ಲಿ ಉದ್ದಕ್ಕೂ ಕೈಯಲ್ಲಿ ಹಿಡಿದು ಇಳಿಯುವ ಕಬ್ಬಿಣದ ಹಿಡಿಕಂಬಿಗಳು. ಒಮ್ಮೆ ಒಂದು ಸಾಲಿಗೆ ಇಳಿದರೆ ಪಕ್ಕಕ್ಕೆ ಸರಿಯುವ ಹಾಗಿಲ್ಲ, ಬೇಲಿ ಹಾರುವ ಹಾಗಿಲ್ಲ, ಹಿಂದಕ್ಕೆ ಹತ್ತುವ ಹಾಗಂತೂ ಇಲ್ಲವೇ ಇಲ್ಲ. ಕೆಳಗೆ ಒಬ್ಬ ಎಡವಿದರೆ ಮೇಲಿನವರಿಗೆ ಕಾಣುವುದಿಲ್ಲ. ಅವರು ಇಳಿಯುತ್ತಲೇ ಇರುತ್ತಾರೆ.

1961ರ ಸೆಪ್ಟೆಂಬರಿನಲ್ಲಿ ಇದೇ ಮೆಟ್ಟಿಲಿನಲ್ಲಿ ಇಬ್ಬರು ಸತ್ತರು. ಕ್ಲಬ್ಬು ರಿಪೇರಿಗೆ ಹಣ ಹಾಕಿತು. 1967ರಲ್ಲಿ ಮತ್ತೆ ಜನ ಬಿದ್ದು ಗಾಯಗೊಂಡರು. 1969ರಲ್ಲಿ ಇನ್ನೂ ಜಾಸ್ತಿ ಜನಕ್ಕೆ ಗಾಯ. ಮೂರು ಸಲ ಎಚ್ಚರಿಕೆ ಸಿಕ್ಕಿತು. ಮೂರೂ ಸಲ ಅದೇ ಜಾಗ. ಮೆಟ್ಟಿಲಿನ ಮೂಲ ವಿನ್ಯಾಸ ಮಾತ್ರ ಬದಲಾಗಲಿಲ್ಲ.

1971ರ ಜನವರಿ 2. ಮತ್ತೆ ಸೆಲ್ಟಿಕ್ ವಿರುದ್ಧ ಪಂದ್ಯ, 80 ಸಾವಿರಕ್ಕೂ ಹೆಚ್ಚು ಜನ. ಕೊನೆಯ ಕ್ಷಣದವರೆಗೆ ಗೋಲಿಲ್ಲ. 90ನೇ ನಿಮಿಷ ಹತ್ತಿರವಾದಾಗ ಸೆಲ್ಟಿಕ್‌ನ ಜಿಮ್ಮಿ ಜಾನ್‌ಸ್ಟನ್ ಗೋಲು ಹೊಡೆದರು. ರೇಂಜರ್ಸ್ ಅಭಿಮಾನಿಗಳು ಬೇಜಾರಾಗಿ ಹೊರಡತೊಡಗಿದರು. ಅಷ್ಟರಲ್ಲಿ ರೇಂಜರ್ಸ್‌ನ ಕಾಲಿನ್ ಸ್ಟೀನ್ ಸಮ ಮಾಡಿದರು. ಪಂದ್ಯ 1-1. ಅದಾದ ಸ್ವಲ್ಪ ಹೊತ್ತಿಗೆ 13ನೇ ಮೆಟ್ಟಿಲಿನಲ್ಲಿ ಯಾರೋ ಬಿದ್ದರು. ಮೇಲಿನಿಂದ ಜನ ಅಲೆಯಾಗಿ ಬಂದು ಬಿದ್ದವರ ಮೇಲೆ ಬಿದ್ದರು. ಕಬ್ಬಿಣದ ಹಿಡಿಕಂಬಿಗಳು ಆ ಭಾರಕ್ಕೆ ಬಗ್ಗಿಹೋದವು. 66 ಜನ ಸತ್ತರು. ಹೆಚ್ಚಿನವರು ಎದೆ ಒತ್ತಿಹೋಗಿ, ಉಸಿರು ಕಟ್ಟಿ ಸತ್ತವರು. ಅವರಲ್ಲಿ ಶಾಲೆಗೆ ಹೋಗುವ ಹುಡುಗರೂ ಇದ್ದರು.

ಮರುದಿನದಿಂದಲೇ ಒಂದು ಕಥೆ ಹಬ್ಬಿತು. ಸ್ಟೀನ್ ಗೋಲು ಹೊಡೆದ ಕೂಗು ಕೇಳಿ, ಇಳಿಯುತ್ತಿದ್ದವರು ತಿರುಗಿ ಮೇಲಕ್ಕೆ ಓಡಿದರಂತೆ, ಇಳಿಯುವವರಿಗೂ ಹತ್ತುವವರಿಗೂ ಡಿಕ್ಕಿಯಾಯಿತಂತೆ. ಕೇಳಲು ಚೆನ್ನಾಗಿದೆ, ಸಿನಿಮಾದ ಹಾಗಿದೆ. ವಿಚಾರಣೆಯಲ್ಲಿ ಇದು ನಿಲ್ಲಲಿಲ್ಲ. ಎಲ್ಲರೂ ಒಂದೇ ದಿಕ್ಕಿಗೆ, ಕೆಳಕ್ಕೇ ಇಳಿಯುತ್ತಿದ್ದರು ಅಂತ ಗೊತ್ತಾಯಿತು. ಆಮೇಲೆ ನಡೆದ ಪರಿಹಾರದ ಕೇಸಿನಲ್ಲಿ ನ್ಯಾಯಾಧೀಶರು ಕ್ಲಬ್ಬಿನ ತಪ್ಪು ಅಂತಲೇ ತೀರ್ಪು ಕೊಟ್ಟರು. ಆದರೂ ತಿರುಗಿ ಓಡಿದ ಕಥೆ ಹೇಳುವವರು ಈಗಲೂ ಇದ್ದಾರೆ. ಯಾಕೆ ಗೊತ್ತಾ? ಆ ಕಥೆಯಲ್ಲಿ ತಪ್ಪು ಜನರದ್ದು. ಮೆಟ್ಟಿಲು ಕಟ್ಟಿದವರದ್ದಲ್ಲ, ನೋಡಿಕೊಳ್ಳಬೇಕಾದವರದ್ದಲ್ಲ.

ನಮ್ಮಲ್ಲೂ ಇದೇ ನಡೆಯುತ್ತದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಅವತ್ತು ರಾತ್ರಿಯೇ ನಮ್ಮ ಕಟ್ಟೆಯ ಮೇಲೆ ಕೇಳಿದ ಮಾತು: "ಈಗಿನ ಹುಡುಗರಿಗೆ ಬುದ್ಧಿ ಇಲ್ಲ ಕಣ್ರೀ, ಹೋಗಬೇಕಿತ್ತಾ?" ಸತ್ತವರ ಬುದ್ಧಿಯ ಬಗ್ಗೆ ಮಾತಾಡುವುದು ಸುಲಭ. ಒಂದು ಗೇಟಿನಿಂದ ನಿಮಿಷಕ್ಕೆ ಎಷ್ಟು ಜನ ದಾಟಬಹುದು ಅಂತ ಕೇಳುವುದು ಕಷ್ಟ, ಯಾಕೆಂದರೆ ಅದಕ್ಕೆ ಲೆಕ್ಕ ಹಾಕಬೇಕು.

ಆ ಲೆಕ್ಕ ಇದೆ, ಅದೂ ಐಬ್ರಾಕ್ಸಿನ ಸಾವುಗಳಿಂದಲೇ ಹುಟ್ಟಿದ್ದು. ದುರಂತದ ನಂತರ ಸರ್ಕಾರ ನೇಮಿಸಿದ ನ್ಯಾಯಾಧೀಶ ಲಾರ್ಡ್ ವೀಟ್ಲಿ 1972ರಲ್ಲಿ ವರದಿ ಕೊಟ್ಟರು. 1973ರಲ್ಲಿ ಕ್ರೀಡಾಂಗಣಗಳ ಸುರಕ್ಷತೆಗೆ ಒಂದು ಕೈಪಿಡಿ ಬಂತು. ಅದನ್ನು ಎಲ್ಲರೂ ಗ್ರೀನ್ ಗೈಡ್ ಅನ್ನುತ್ತಾರೆ. 1975ರಲ್ಲಿ ಕಾನೂನು ಬಂತು: ದೊಡ್ಡ ಕ್ರೀಡಾಂಗಣಗಳು ಸ್ಥಳೀಯ ಆಡಳಿತದಿಂದ ಸುರಕ್ಷತಾ ಪ್ರಮಾಣಪತ್ರ ಪಡೆಯಲೇಬೇಕು.

ಗ್ರೀನ್ ಗೈಡಿನ ಈಚಿನ ಆವೃತ್ತಿಗಳ ಲೆಕ್ಕ ಹೀಗಿದೆ. ಒಂದು ಮೀಟರ್ ಅಗಲದ ಸಮತಟ್ಟು ದಾರಿಯಲ್ಲಿ ನಿಮಿಷಕ್ಕೆ 82 ಜನ ದಾಟಬಹುದು. ಮೆಟ್ಟಿಲಾದರೆ 66. ನೋಡುವ ಜಾಗದಿಂದ ಎಲ್ಲರೂ ಹೊರಬೀಳಲು ಹೆಚ್ಚೆಂದರೆ 8 ನಿಮಿಷ. ಈಗ ನಮ್ಮ ಗ್ಯಾಲರಿಗೆ ಹಾಕಿ ನೋಡಿ. ನಾಲ್ಕಡಿ ಅಗಲದ, ಅಂದರೆ ಸುಮಾರು 1.2 ಮೀಟರಿನ ಮೆಟ್ಟಿಲು ಒಂದು ಇದೆ ಅಂದುಕೊಳ್ಳಿ. ನಿಮಿಷಕ್ಕೆ 79 ಜನ, 8 ನಿಮಿಷಕ್ಕೆ ಸುಮಾರು 630 ಜನ. ಎರಡು ಸಾವಿರ ಜನ ಕೂರುವ ಗ್ಯಾಲರಿ ಕಟ್ಟಿ ಇಂಥ ಒಂದೇ ಮೆಟ್ಟಿಲು ಇಟ್ಟರೆ ಎಲ್ಲರೂ ಇಳಿಯಲು ಹತ್ತಿರ ಹತ್ತಿರ 25 ನಿಮಿಷ ಬೇಕು. 25 ನಿಮಿಷ ಸುಮ್ಮನೆ ಕಾಯುವವರು ಯಾರು? ಹನ್ನೆರಡು ಗಂಟೆ ರಾತ್ರಿ, ನಾಳೆ ಬೆಳಿಗ್ಗೆ ತೋಟದ ಕೆಲಸ. ಹಿಂದಿನವರು ತಳ್ಳುತ್ತಾರೆ. ಹಲಗೆ ಹಾರಿ ಇಳಿಯುತ್ತಾರೆ.

ನಮ್ಮ ಮಳೆಯ ಲೆಕ್ಕವನ್ನು ನಾವೇ ಸೇರಿಸಿಕೊಳ್ಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಸಂಜೆ ಮೇಲೆ ಗಾಳಿ ಮಳೆ ಹೇಗೆ ಬರುತ್ತದೆ ಅಂತ ನಿಮಗೆ ಗೊತ್ತು. ಮೊದಲು ಗಾಳಿ, ಶಾಮಿಯಾನ ಹಾರುತ್ತದೆ, ಕರೆಂಟು ಹೋಗುತ್ತದೆ, ಆಮೇಲೆ ಮಳೆ. ಕತ್ತಲಲ್ಲಿ ಎಲ್ಲರೂ ಒಂದೇ ಸಲ ಏಳುತ್ತಾರೆ. ಫೈನಲ್ ಮುಗಿದಾಗ ಆಗುವುದಕ್ಕಿಂತ ಇದು ಹೆಚ್ಚು ಅಪಾಯ. ಲೈಟಿಗೆ ಜನರೇಟರ್ ಇಟ್ಟಿರುತ್ತೀರಿ, ಸರಿ. ಆದರೆ ಆ ಜನರೇಟರಿನಿಂದ ಅಂಕಣದ ಲೈಟು ಉರಿಯುತ್ತದೆಯೇ ಹೊರತು ಗ್ಯಾಲರಿಯ ಮೆಟ್ಟಿಲಿನ ಮೇಲೆ ಒಂದು ಬಲ್ಬೂ ಇರುವುದಿಲ್ಲ. ಒಂದೆರಡು ಬ್ಯಾಟರಿ ಲೈಟು ಅಲ್ಲಿ ತೂಗುಹಾಕಿ. ವೈರುಗಳನ್ನು ಜನ ಓಡಾಡುವ ಕಡೆ, ಕಬ್ಬಿಣದ ಬ್ಯಾರಿಕೇಡಿಗೆ ತಾಗಿಸಿ ಎಳೆಯಬೇಡಿ. 2023ರಲ್ಲಿ ಹಾಸನಾಂಬೆಯ ದರ್ಶನದ ಸಾಲಿನಲ್ಲಿ ಕರೆಂಟ್ ಶಾಕ್ ಹೊಡೆದು ಜನ ಗಾಬರಿಯಿಂದ ಓಡಿ, ಒಬ್ಬರ ಮೇಲೊಬ್ಬರು ಬಿದ್ದದ್ದು ಊರಿಗೆಲ್ಲ ನೆನಪಿದೆ.

ಭಾರದ ವಿಷಯ. ಮನೆಯ ಮಹಡಿಯ ಆರ್‌ಸಿಸಿ ನೆಲಕ್ಕೆ ನಾವು ಲೆಕ್ಕ ಹಿಡಿಯುವುದು ಚದರ ಮೀಟರಿಗೆ ಸುಮಾರು 200 ಕಿಲೋ. ಜನ ಗುಂಪಾಗಿ ಸೇರುವ, ನೆಲಕ್ಕೆ ಭದ್ರ ಮಾಡಿದ ಕುರ್ಚಿ ಇಲ್ಲದ ಜಾಗಕ್ಕೆ ಭಾರತೀಯ ಮಾನಕದ ಪ್ರಕಾರ ಸುಮಾರು 500 ಕಿಲೋ. ಎರಡೂವರೆ ಪಟ್ಟು. ಇದು ಬರೀ ಕೆಳಮುಖ ಭಾರ. ಗ್ಯಾಲರಿ ಬೀಳುವುದು ಹೆಚ್ಚಾಗಿ ಪಕ್ಕಕ್ಕೆ ವಾಲಿ. ರೈಡಿಗೆ ಹೋದವನು ಮೂವರನ್ನು ಔಟ್ ಮಾಡಿ ಬಂದ ಅಂದರೆ ಸಾಲಿಗೆ ಸಾಲೇ ಎದ್ದು ಕುಣಿಯುತ್ತದೆ. ನೇರ ಗಳಗಳಿಗೆ ಅಡ್ಡ ಗಳ ಮಾತ್ರ ಕಟ್ಟಿದ್ದರೆ ಆ ಚೌಕಗಳೆಲ್ಲ ಒಟ್ಟಿಗೆ ಓರೆಯಾಗುತ್ತವೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓರೆಯಾಗಿ ಒಂದು ಗಳ ಬಿಗಿದರೆ ಚೌಕ ಎರಡು ತ್ರಿಕೋನ ಆಗುತ್ತದೆ, ತ್ರಿಕೋನ ಓರೆಯಾಗುವುದಿಲ್ಲ. ಹೆಚ್ಚಿನ ಖರ್ಚೂ ಇಲ್ಲ. ನಾನು ಆ ದಿನ ಗ್ಯಾಲರಿ ಅಡಿಗೆ ಬಗ್ಗಿ ಹುಡುಕಿದ್ದು ಇದನ್ನೇ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2022ರ ಮಾರ್ಚ್‌ನಲ್ಲಿ ಸೆವೆನ್ಸ್ (ತಂಡಕ್ಕೆ ಏಳು ಜನರ) ಫುಟ್ಬಾಲ್ ಪಂದ್ಯದ ತಾತ್ಕಾಲಿಕ ಗ್ಯಾಲರಿ ಜನರ ಸಮೇತ ಕುಸಿದ ವಿಡಿಯೊ ನೀವೂ ನೋಡಿರಬಹುದು. ಇನ್ನೂರರಷ್ಟು ಜನ ಗಾಯಗೊಂಡರು. ಸಾವು ಆಗದೆ ಇದ್ದದ್ದು ಅದೃಷ್ಟ.

ನಮ್ಮ ಜಿಲ್ಲೆಗೆ ಇಂಥ ಕೆಲಸ ಬರುವುದಿಲ್ಲ ಅನ್ನಬೇಡಿ. ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ ಬಂದಾಗಲೆಲ್ಲ ಬೆಟ್ಟದ ಮೇಲೆ ಅಟ್ಟಣಿಗೆ ಏಳುತ್ತದೆ. 2018ರಲ್ಲೂ ಕಬ್ಬಿಣದ ಅಟ್ಟಣಿಗೆ ಕಟ್ಟಿದ್ದರು. ಎಂಜಿನಿಯರುಗಳು ಬಂದು ಲೆಕ್ಕ ಹಾಕುತ್ತಾರೆ, ಇಷ್ಟೇ ಜನ ಹತ್ತಬೇಕು ಅಂತ ಪಾಸು ಕೊಡುತ್ತಾರೆ. ಅಲ್ಲಿ ಮಾಡುವುದರಲ್ಲಿ ಕಾಲು ಭಾಗ ಎಚ್ಚರ ನಮ್ಮ ಶಾಲಾ ಮೈದಾನಕ್ಕೆ ಬಂದರೂ ಸಾಕು.

ಐಬ್ರಾಕ್ಸ್ ಆಮೇಲೆ ಏನು ಮಾಡಿತು ಅಂತ ಹೇಳದೆ ಬಿಟ್ಟರೆ ಕಥೆ ಅರ್ಧ. ದುರಂತ ನಡೆದಾಗ ರೇಂಜರ್ಸ್ ಮ್ಯಾನೇಜರ್ ಆಗಿದ್ದವರು ವಿಲ್ಲಿ ವಾಡೆಲ್. ಸ್ಟೇಡಿಯಂ ಅನ್ನೇ ಹೊಸದಾಗಿ ಕಟ್ಟಬೇಕು ಅಂತ ಹಟ ಹಿಡಿದವರು ಅವರು. ಜರ್ಮನಿಗೆ ಹೋಗಿ, 1974ರ ವಿಶ್ವಕಪ್‌ಗೆ ಕಟ್ಟಿದ ಡಾರ್ಟ್‌ಮಂಡ್ ಸ್ಟೇಡಿಯಂ ನೋಡಿ ಬಂದರು. ಅಂಕಣಕ್ಕೆ ಹತ್ತಿರವಾಗಿ ನಾಲ್ಕು ಬೇರೆ ಬೇರೆ ನೇರ ಸ್ಟ್ಯಾಂಡುಗಳು, ಎಲ್ಲದಕ್ಕೂ ಸೂರು. 1978ರಲ್ಲಿ ಹಳೆಯ ಮಣ್ಣಿನ ಏರಿಯನ್ನು ಅಗೆಯಲು ಶುರು ಮಾಡಿದರು. 1979ರಿಂದ 1981ರ ಒಳಗೆ ಮೂರು ಹೊಸ ಸ್ಟ್ಯಾಂಡ್ ಎದ್ದವು. ನಾಲ್ಕನೆಯದು ಲೀಚ್ ಅವರ ಹಳೆಯ ಇಟ್ಟಿಗೆ ಸ್ಟ್ಯಾಂಡ್, ಅದನ್ನು ಹಾಗೇ ಉಳಿಸಿಕೊಂಡರು. 1991ರಲ್ಲಿ ಅದರ ಮೇಲೆ ಇನ್ನೊಂದು ಅಂತಸ್ತು ಏರಿಸಿದಾಗಲೂ ಮುಂಭಾಗ ಮುಟ್ಟಲಿಲ್ಲ.

ಒಂದು ಕಾಲಕ್ಕೆ ಲಕ್ಷ ಮೀರಿ ಜನ ತುಂಬುತ್ತಿದ್ದ ಮೈದಾನ 1981ರ ಹೊತ್ತಿಗೆ 44 ಸಾವಿರಕ್ಕೆ ಇಳಿಯಿತು. ಟಿಕೆಟ್ ಮಾರಿ ಹಣ ಗಳಿಸುವ ಕ್ಲಬ್ಬು ಅರ್ಧಕ್ಕಿಂತ ಹೆಚ್ಚು ಜಾಗವನ್ನು ಬಿಟ್ಟುಕೊಟ್ಟಿತು. ಹಳೆಯ ಅಭಿಮಾನಿಗಳು ಗೊಣಗಿದರು. ಮೊದಲಿನ ಗದ್ದಲ ಇಲ್ಲ, ಮೊದಲಿನ ಬಿಸಿ ಇಲ್ಲ ಅಂತ. ಇರಬಹುದು. ನನ್ನ ಲೆಕ್ಕದಲ್ಲಿ ಐಬ್ರಾಕ್ಸಿನ ಇತಿಹಾಸದಲ್ಲಿ ಅದಕ್ಕಿಂತ ಧೈರ್ಯದ ತೀರ್ಮಾನ ಇನ್ನೊಂದಿಲ್ಲ. ಇಂಗ್ಲೆಂಡ್ ಅಷ್ಟು ಬೇಗ ಎಚ್ಚೆತ್ತುಕೊಳ್ಳಲಿಲ್ಲ. 1989ರಲ್ಲಿ ಶೆಫೀಲ್ಡಿನ ಹಿಲ್ಸ್‌ಬರೋದಲ್ಲಿ 97 ಜನ ಸತ್ತ ಮೇಲೆಯೇ ದೊಡ್ಡ ಮೈದಾನಗಳಲ್ಲಿ ಎಲ್ಲರಿಗೂ ಕುರ್ಚಿ ಬಂದದ್ದು. ಅಲ್ಲೂ ಮೊದಲು ಬೈದದ್ದು ಸತ್ತವರನ್ನೇ. ಅದು ಸುಳ್ಳು ಅಂತ ಸಾಬೀತು ಮಾಡಲು ಮನೆಯವರು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಹೋರಾಡಬೇಕಾಯಿತು.

ಈಗ ನಿಮ್ಮ ಹತ್ತಿರ ಕೇಳುವುದಕ್ಕೆ ಬರುತ್ತೇನೆ.

ಸಂಘದ ಗೆಳೆಯರೇ, ಗ್ಯಾಲರಿ ಚಿಕ್ಕದು ಮಾಡಿ. ಎರಡು ಸಾವಿರದ ಬದಲು ಎಂಟುನೂರು ಜನಕ್ಕೆ ಕಟ್ಟಿ, ಎರಡು ತುದಿಗೂ ಮೆಟ್ಟಿಲು ಕೊಡಿ. ಉಳಿದವರು ನೆಲದ ಮೇಲೆ, ಹಗ್ಗದ ಆಚೆ ನಿಂತು ನೋಡಲಿ. ನೆಲ ಮುರಿದು ಬೀಳುವುದಿಲ್ಲ. ಶಾಲೆಯ ಕಾಂಪೌಂಡಿಗೆ ಇರುವುದು ಒಂದು ದೊಡ್ಡ ಗೇಟು, ಪಕ್ಕದಲ್ಲಿ ದನ ನುಗ್ಗದ ಹಾಗೆ ಒಬ್ಬೊಬ್ಬರೇ ತೂರಿಕೊಂಡು ಹೋಗುವ ಸಣ್ಣ ಸಂದಿ. ಟಿಕೆಟ್ ಇಲ್ಲದವರು ಒಳಗೆ ಬರಬಾರದು ಅಂತ ದೊಡ್ಡ ಗೇಟಿಗೆ ಬೀಗ ಹಾಕಿ ಸಂದಿಯಿಂದ ಬಿಡುತ್ತೀರಿ. ಸರಿ, ಬರುವಾಗ ಹಾಗೆ ಬಿಡಿ. ಆದರೆ ಫೈನಲ್ ಮುಗಿಯಲು ಹತ್ತು ನಿಮಿಷ ಇರುವಾಗ ದೊಡ್ಡ ಗೇಟನ್ನು ಪೂರ್ತಿ ತೆಗೆದು ಹಿಂದಕ್ಕೆ ಕಟ್ಟಿಬಿಡಿ. ಅಷ್ಟೊತ್ತಿಗೆ ಟಿಕೆಟ್ ಇಲ್ಲದೆ ಒಳಗೆ ಬಂದು ಯಾರೂ ಕೋಟೆ ಕೊಳ್ಳೆ ಹೊಡೆಯುವುದಿಲ್ಲ. ಬೀಗದ ಕೈ ಯಾರ ಜೇಬಿನಲ್ಲಿದೆ ಅಂತ ಮೈಕಿನಲ್ಲಿ ಕೂಗಿ ಹುಡುಕುವ ಪರಿಸ್ಥಿತಿ ಬೇಡ. ಗೋಬಿ ಮಂಚೂರಿ, ಚುರುಮುರಿ ಗಾಡಿಗಳು ಗೇಟಿನಿಂದ ಸ್ವಲ್ಪ ದೂರ ನಿಲ್ಲಲಿ, ಬೈಕುಗಳು ಇನ್ನೂ ದೂರ. ನೀವು ಯಾವ ದಾರಿ ತೋರಿಸಿದರೂ ಜನ ಬೈಕು ನಿಲ್ಲಿಸಿದ ಕಡೆಗೇ ಹತ್ತಿರದ ದಾರಿ ಹಿಡಿಯುತ್ತಾರೆ, ಗ್ಲಾಸ್ಗೋದಲ್ಲಿ ರೈಲಿನ ಕಡೆಗೆ ಹೋದ ಹಾಗೆಯೇ. ಹಾಗಾಗಿ ಪಾರ್ಕಿಂಗನ್ನೇ ಎರಡು ದಿಕ್ಕಿಗೆ ಹಂಚಿ, ಜನ ತಾವಾಗಿಯೇ ಎರಡು ಪಾಲಾಗುತ್ತಾರೆ.

ಬಹುಮಾನ ವಿತರಣೆಯನ್ನು ಫೈನಲ್ ಆದ ತಕ್ಷಣ ಇಡಿ, ಅತಿಥಿಗಳಿಗೆ ಒಂದೊಂದು ಮಾತು ಆಡಲು ಬಿಡಿ. ಭಾಷಣ ಕೇಳಲಾರದವರು ಮೊದಲು ಹೊರಡುತ್ತಾರೆ, ಟ್ರೋಫಿ ನೋಡಬೇಕೆನ್ನುವವರು ಆಮೇಲೆ. ಭಾಷಣದಿಂದ ಊರಿಗೆ ನೇರ ಉಪಯೋಗ ಆಗುವ ಅಪರೂಪದ ಸಂದರ್ಭ ಇದು.

ಅಧಿಕಾರಿಗಳೇ, ಅನುಮತಿಯ ಅರ್ಜಿಯಲ್ಲಿ ಧ್ವನಿವರ್ಧಕ ಎಷ್ಟು ಗಂಟೆಯವರೆಗೆ ಅಂತ ಕೇಳುತ್ತೀರಿ. ಒಳ್ಳೆಯದು. ಅದರ ಕೆಳಗೆ ಇನ್ನೆರಡು ಸಾಲು ಸೇರಿಸಿ. ಗ್ಯಾಲರಿಯಲ್ಲಿ ಎಷ್ಟು ಜನ, ಹೊರಗೆ ಹೋಗಲು ಎಷ್ಟು ಅಡಿ ದಾರಿ. ಈ ಎರಡು ಅಂಕಿ ಇದ್ದರೆ ಮೇಲಿನ ಲೆಕ್ಕವನ್ನು ಯಾರು ಬೇಕಾದರೂ ಹಾಕಬಹುದು. ಕಟ್ಟಿದ ಮೇಲೆ, ಮೊದಲ ಪಂದ್ಯಕ್ಕೆ ಮುಂಚೆ ಒಬ್ಬ ಎಂಜಿನಿಯರ್ ಬಂದು ಅಡಿಗೆ ಬಗ್ಗಿ ನೋಡಿ ಸಹಿ ಹಾಕಲಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಜನಜಂಗುಳಿ ನಿರ್ವಹಣೆಗೆ 2014ರಲ್ಲೇ ಮಾರ್ಗದರ್ಶಿ ಕೊಟ್ಟಿದೆ. ಅದರಿಂದ ನಮ್ಮ ಊರಿಗೆ ಬೇಕಾದಷ್ಟನ್ನು ಕನ್ನಡದಲ್ಲಿ ಒಂದೇ ಹಾಳೆಗೆ ಇಳಿಸಿ, ಅನುಮತಿ ಪತ್ರದ ಜೊತೆ ಪಿನ್ ಹಾಕಿ ಕೊಟ್ಟರೆ ಹುಡುಗರು ಓದುತ್ತಾರೆ. ಇದನ್ನೆಲ್ಲ ನೆಪ ಮಾಡಿಕೊಂಡು ಪಂದ್ಯಾವಳಿಗೆ ಅನುಮತಿಯೇ ಇಲ್ಲ ಅಂತ ಮಾತ್ರ ಮಾಡಬೇಡಿ. ಹಳ್ಳಿ ಹುಡುಗರಿಗೆ ನಾಲ್ಕು ಜನರ ಎದುರು ಆಡುವ ಅವಕಾಶ ಸಿಗುವುದೇ ಇಲ್ಲಿ.

ಶಾಲೆಯ ಹಿರಿಯರೇ, ಮೈದಾನ ಬಿಟ್ಟುಕೊಡುವಾಗ ಬಾಡಿಗೆ ಬೇಡ, ಇನ್ನೊಂದು ಗೇಟು ಇಡಿಸಿಕೊಡಿ ಅಂತ ಕೇಳಿ. ಹತ್ತಡಿ ಕಾಂಪೌಂಡ್ ಒಡೆದು ಎರಡು ಬಾಗಿಲಿನ ಕಬ್ಬಿಣದ ಗೇಟು ನಿಲ್ಲಿಸಲು ದೊಡ್ಡ ಮೊತ್ತ ಬೇಕಾಗಿಲ್ಲ. ಉಳಿದ ದಿನಗಳಲ್ಲಿ ಅದು ಮಕ್ಕಳಿಗೇ ಉಪಯೋಗ.

ನನ್ನಿಂದ ಆಗುವುದು ಇಷ್ಟು. ಹಾಸನ, ಆಲೂರು, ಸಕಲೇಶಪುರ, ಬೇಲೂರು ಕಡೆ ಯಾರೇ ಕರೆದರೂ ಟೇಪು ಹಿಡಿದು ಬಂದು ಗ್ಯಾಲರಿ ನೋಡಿ ಹೇಳುತ್ತೇನೆ. ದುಡ್ಡು ಬೇಡ, ಒಂದು ಕಾಫಿ ಸಾಕು. ಆದರೆ ಗಳ ನೆಡುವ ದಿನವೇ ಕರೆಯಿರಿ. ಫೈನಲ್ ದಿನ ಸಂಜೆ ಕರೆದರೆ ನಾನು ಬಂದು ಪಂದ್ಯ ನೋಡಬಹುದು ಅಷ್ಟೇ, ಅದೂ ನೆಲದ ಮೇಲೆ ನಿಂತು.

ಇಂತಿ ನಿಮ್ಮವ,
ಒಬ್ಬ ಸೈಟ್ ಸೂಪರ್‌ವೈಸರ್, ಹಾಸನ